ತಳಮಳಯೋಗವೂ ಉಳಿದ ಹದಿನೇಳು ಅಧ್ಯಾಯಗಳೂ

ಬೆಂಗಳೂರಿನಲ್ಲಿ ಈಗ ನೆಮ್ಮದಿಯಾಗಿದ್ದೇನೆ ಎಂದು ಹೇಳಿಕೊಳ್ಳುವುದು ಮರ್ಯಾದಸ್ಥರ ಲಕ್ಷಣವಾಗಿ ಉಳಿದಿಲ್ಲ. ಮದುವೆ ಮನೆಯ ಎರಡನೇ ಪಂಕ್ತಿಯಲ್ಲಿ ಕೂತು, 'ನನಗೇನೂ ತಳಮಳ ಇಲ್ಲಪ್ಪ, ರಾತ್ರಿ ಹತ್ತಕ್ಕೆ ಮಲಗಿದರೆ ಬೆಳಿಗ್ಗೆ ಆರಕ್ಕೇ ಎಚ್ಚರ' ಎಂದು ಹೇಳಿ ನೋಡಿ. ಪಕ್ಕದವರು ಎಲೆಯ ತುದಿಯ ಉಪ್ಪನ್ನು ನೋಡುವಷ್ಟು ಆಸಕ್ತಿಯಿಂದಲೂ ನಿಮ್ಮನ್ನು ನೋಡುವುದಿಲ್ಲ. ಅದರ ಬದಲು ಪಾಯಸಕ್ಕೆ ಕೈ ಅಡ್ಡ ಹಿಡಿದು, 'ಎಲ್ಲಾ ಇದೆ ಸಾರ್, ಆದರೂ ಒಳಗೆ ಏನೋ ಒಂದು...' ಎಂದು ಮಾತನ್ನು ಅರ್ಧಕ್ಕೇ ಬಿಡಿ. ಸಾಲಿಗೆ ಸಾಲೇ ಕಿವಿ ನಿಮಿರಿಸುತ್ತದೆ. 'ನಿಮ್ದು ಯಾವ ಶಿಬಿರ?' ಎಂಬ ಪ್ರಶ್ನೆ ಹೋಳಿಗೆಗಿಂತ ಮೊದಲು ಬಂದು ಬೀಳುತ್ತದೆ. ಹಿಂದೆ ಇದೇ ಜಾಗದಲ್ಲಿ 'ಸೈಟ್ ಎಲ್ಲಿ ತಗೊಂಡ್ರಿ?' ಎಂದು ಕೇಳುತ್ತಿದ್ದರು. ಈಗ ಶಿಬಿರ ಕೇಳುವವರೆಲ್ಲ ಸೈಟ್ ತೆಗೆದುಕೊಂಡಾದವರೇ.

ನಮ್ಮ ಅಜ್ಜಿಯರಿಗೂ ತಳಮಳ ಗೊತ್ತಿತ್ತು. ಅದಕ್ಕೆ ಅವರ ಹತ್ತಿರ ಮೂರು ಮದ್ದುಗಳಿದ್ದವು. ಪಿತ್ತವಾಗಿದ್ದರೆ ಜೀರಿಗೆ ಕಷಾಯ. ಕಷಾಯಕ್ಕೆ ಬಗ್ಗದಿದ್ದರೆ ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ದೃಷ್ಟಿ ತೆಗೆಯುವುದು. ಅದಕ್ಕೂ ಬಗ್ಗದಿದ್ದರೆ, 'ಸುಮ್ನೆ ಕೂತ್ರೆ ಹೀಗೇ ಆಗೋದು, ಎದ್ದು ಎರಡು ಕೊಡ ನೀರು ಸೇದು.' ಮೂರನೆಯ ಮದ್ದಿಗೆ ಬಗ್ಗದ ತಳಮಳ ಊರಿಗೊಂದೋ ಎರಡೋ ಇರುತ್ತಿತ್ತು. ಅಂಥವರು ಒಂದು ಬೆಳಿಗ್ಗೆ ಹೇಳದೆ ಕೇಳದೆ ಮನೆ ಬಿಟ್ಟು ಹೋಗುತ್ತಿದ್ದರು, ಕೆಲವರು ನಿಜಕ್ಕೂ ಸಂತರಾಗುತ್ತಿದ್ದರು. ಈಗ ಎಲ್ಲರ ತಳಮಳಕ್ಕೂ ಒಟ್ಟಿಗೇ ಬಡ್ತಿ ಸಿಕ್ಕಿದೆ. ಅದು ಪಿತ್ತವಲ್ಲವಂತೆ, 'ಒಳಗಿನ ಕರೆ'ಯಂತೆ. ಕರೆದವರು ಯಾರು, ಕರೆದದ್ದು ಯಾಕೆ ಎನ್ನುವುದು ಆಮೇಲೆ. ಮೊದಲು ಹಣ ಕಟ್ಟುವ ಲಿಂಕ್ ಬರುತ್ತದೆ.

ಕರೆಯ ಮೂಲ ಹುಡುಕಲು ಹಿಮಾಲಯಕ್ಕೆ ಹೋಗಬೇಕಾಗಿಲ್ಲ, ಒಂದು ಕ್ಯಾಲ್ಕುಲೇಟರ್ ಸಾಕು. ವಾರಕ್ಕೆ 168 ಗಂಟೆ. ದೇಶ ಕಟ್ಟಲು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೊಸಿಸ್ ಸ್ಥಾಪಕ ನಾರಾಯಣ ಮೂರ್ತಿಯವರು 2023ರ ಅಕ್ಟೋಬರ್‌ನಲ್ಲಿ ಹೇಳಿದರು. ಹಿರಿಯರ ಮಾತು, ಕಳೆಯೋಣ. ಉಳಿದದ್ದು 98. ಎಂಟು ಗಂಟೆಯ ನಿದ್ದೆ ತೆಗೆದರೆ 42. ಅದೇ ವರ್ಷದ ಟಾಮ್‌ಟಾಮ್ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ 28 ನಿಮಿಷ. ಮನೆ ಕಚೇರಿಯಿಂದ 20 ಕಿ.ಮೀ. ದೂರವಿದ್ದರೆ ಆರು ದಿನದ ಹೋಗಿಬರುವಿಕೆಗೆ 11 ಗಂಟೆ. ಕೈಯಲ್ಲಿ ಉಳಿದದ್ದು 31, ದಿನಕ್ಕೆ ನಾಲ್ಕು ಗಂಟೆ ಚಿಲ್ಲರೆ. ಸ್ನಾನ, ತಿಂಡಿ, ಮಗಳ ಹೋಮ್‌ವರ್ಕ್, ಅಪ್ಪನ ಬಿಪಿ, ಅಮ್ಮನ ಮಂಡಿನೋವು, ನಲ್ಲಿ ರಿಪೇರಿ, ಗೃಹಸಾಲದ ಕಂತು ತಪ್ಪಿತೆಂಬ ಬ್ಯಾಂಕಿನ ಫೋನು, ಇವೆಲ್ಲ ಆದ ಮೇಲೆ ಮಿಕ್ಕಿದರೆ ಆತ್ಮ. ಇಷ್ಟಾಗಿಯೂ ಒಬ್ಬನಿಗೆ ತಳಮಳ ಆಗದಿದ್ದರೆ ಅವನನ್ನೇ ಆಸ್ಪತ್ರೆಗೆ ತೋರಿಸಬೇಕು.

ನಮ್ಮ ಸಾಧಕರು ಮಾತ್ರ ಈ ಲೆಕ್ಕದ ಹತ್ತಿರ ಸುಳಿಯುವುದಿಲ್ಲ. 'ಇದು ಪೂರ್ವಜನ್ಮದ್ದೇ ಇರಬೇಕು ಸಾರ್' ಎನ್ನುತ್ತಾರೆ. ಈ ಜನ್ಮದ ಮ್ಯಾನೇಜರ್ ಗಾಜಿನ ಕೋಣೆಯಲ್ಲಿ ಕಣ್ಣೆದುರೇ ಕೂತಿರುವಾಗ ಪೂರ್ವಜನ್ಮದವರೆಗೆ ಹೋಗುವ ಈ ಶ್ರಮವನ್ನು ಮೆಚ್ಚಲೇಬೇಕು. ಪೂರ್ವಜನ್ಮದಲ್ಲಿ ಒಂದು ಅನುಕೂಲವಿದೆ, ಅದು ಅಪ್ರೈಸಲ್ ಬರೆಯುವುದಿಲ್ಲ.

ಕಂಪನಿಗಳಿಗೂ ಇದು ಹಿತವಾಗಿದೆ. 2007ರಲ್ಲಿ ಗೂಗಲ್‌ನ ಎಂಜಿನಿಯರ್ ಚಾಡೆ-ಮೆಂಗ್ ತಾನ್ ಸಹೋದ್ಯೋಗಿಗಳಿಗಾಗಿ 'ಸರ್ಚ್ ಇನ್‌ಸೈಡ್ ಯುವರ್‌ಸೆಲ್ಫ್' ಎಂಬ ಧ್ಯಾನದ ಪಾಠ ಶುರುಮಾಡಿದರು. ಜಗತ್ತಿಗೆಲ್ಲ ಎಲ್ಲವನ್ನೂ ಹುಡುಕಿಕೊಡುವ ಕಂಪನಿ ತನ್ನ ನೌಕರರಿಗೆ ಮಾತ್ರ 'ನಿಮ್ಮೊಳಗೇ ಹುಡುಕಿಕೊಳ್ಳಿ' ಎಂದಿತು. ಆ ಗಾಳಿ ಹೊರವರ್ತುಲ ರಸ್ತೆಯವರೆಗೂ ಬೀಸಿದೆ. ಶುಕ್ರವಾರ ಸಂಜೆ ಆರಕ್ಕೆ ಎಚ್‌ಆರ್ ಮೇಲ್ ಬರುತ್ತದೆ: ಮನಃಶಾಂತಿಯ ಸೆಷನ್, ಹಾಜರಿ ಕಡ್ಡಾಯ, ಕ್ಯಾಮೆರಾ ಆನ್ ಇರಲಿ. ತೆರೆಯ ಮೇಲಿನ ಮಧುರ ಧ್ವನಿ ಯೋಚನೆಗಳೆಲ್ಲ ಬಂದು ಹೋಗಲಿ ಬಿಡಿ, ಹಿಡಿಯಬೇಡಿ ಎನ್ನುತ್ತದೆ. ಯೋಚನೆಗಳು ಹೋಗಬಹುದು, ಸೋಮವಾರದ ಡೆಡ್‌ಲೈನ್ ಹೋಗುವಂತಿಲ್ಲ. ನೌಕರ ಕಣ್ಣು ಮುಚ್ಚಿ ಉಸಿರು ಎಣಿಸುತ್ತಾನೆ. ಎರಡು ಜನರ ಕೆಲಸ ಒಬ್ಬನ ತಲೆಗೆ ಕಟ್ಟಿದ್ದು ಯಾರು ಎಂದು ಎಣಿಸಲು ಅವನಿಗೆ ಆಗ ಪುರಸೊತ್ತಿರುವುದಿಲ್ಲ. ಸೆಷನ್ ಇರುವುದೂ ಅದಕ್ಕೇ.

ಇಷ್ಟಕ್ಕೂ ಅಡಗದ ತಳಮಳ ಊರಾಚೆಗೆ, ಎರಡು ಟೋಲ್ ದಾಟಿ, ವಾರಾಂತ್ಯದ ಶಿಬಿರಕ್ಕೆ ಹೋಗುತ್ತದೆ. ಅದರ ವ್ಯವಸ್ಥೆಯನ್ನು ನೋಡಿಯೇ ತಣಿಯಬೇಕು. ಬಾಗಿಲಲ್ಲೇ ಫೋನನ್ನು ಖಾದಿ ಚೀಲಕ್ಕೆ ಹಾಕಿಸಿ, ಕತ್ತಿಗೊಂದು ನಂಬರು ತಗುಲಿಸುತ್ತಾರೆ. ಪಕ್ಕದ ಮಳಿಗೆಯಲ್ಲಿ ಬಿಳಿ ಕುರ್ತಾ, ತುಳಸಿ ಮಣಿ, ಕೂರಲು ದಿಂಬು. ಅಹಂಕಾರ ಕಳೆದುಕೊಳ್ಳಲು ಮೂರು ದರಗಳಿವೆ: ಡಾರ್ಮಿಟರಿ, ಇಬ್ಬರ ಕೋಣೆ, ಎಸಿ ಇರುವ 'ಸಾಧಕ ಕುಟೀರ'. ಬೆಳಗಿನ ತಿಂಡಿಗೆ ಮಣ್ಣಿನ ಕುಡಿಕೆಯಲ್ಲಿ ರಾಗಿ ಅಂಬಲಿ. ಅದನ್ನು ಕಣ್ಣು ಮುಚ್ಚಿ, ಗುಟುಕು ಗುಟುಕಾಗಿ, ಕೃತಜ್ಞತೆಯಿಂದ ಕುಡಿಯಬೇಕು. ಇದೇ ಅಂಬಲಿಯನ್ನು ನಿತ್ಯ ಕುಡಿದು ಬೆಳೆದ ಅಡುಗೆಯ ಹೆಂಗಸು ಬಾಗಿಲ ಬಳಿ ನಿಂತು, ಇವರು ಯಾಕೆ ಅಳುತ್ತಿದ್ದಾರೆ ಎಂದು ತಿಳಿಯದೆ ಉಪ್ಪು ಹೆಚ್ಚಾಯಿತೇನೋ ಎಂದು ಗಾಬರಿಯಾಗುತ್ತಾಳೆ.

ಮೊದಲ ಸಂಜೆ ಎಲ್ಲರೂ ವೃತ್ತಾಕಾರವಾಗಿ ಕೂತು ತಳಮಳವನ್ನು ಹಂಚಿಕೊಳ್ಳುತ್ತಾರೆ. ಅಲ್ಲಿ ನಡೆಯುವುದು ಶುದ್ಧ ಹರಾಜು. ಒಬ್ಬರು 'ನನಗೆ ಎರಡು ವರ್ಷದಿಂದ' ಎನ್ನುತ್ತಾರೆ. ಪಕ್ಕದವರು 'ನನಗೆ ಕಾಲೇಜಿನಿಂದಲೂ' ಎಂದು ಏರಿಸುತ್ತಾರೆ. ಮೂಲೆಯಲ್ಲಿದ್ದ ಸ್ಟಾರ್ಟಪ್ಪಿನ ಯುವಕ 'ನನಗೆ ಹುಟ್ಟುವ ಮೊದಲೇ ಇತ್ತು' ಎಂದು ಕೂಗಿ ಸವಾಲನ್ನು ತನ್ನ ಹೆಸರಿಗೆ ಮಾಡಿಕೊಳ್ಳುತ್ತಾನೆ. ಆಮೇಲೆ ಎಲ್ಲರಿಗೂ ಮೌನ. ಕೊನೆಯ ದಿನ ಮೌನ ಮುಗಿಯುವ ಗಂಟೆ ಬಾರಿಸಿದ್ದೇ ತಡ, ಮನುಷ್ಯರಿಗಿಂತ ಮೊದಲು ಫೋನುಗಳು ಬಾಯಿ ಬಿಡುತ್ತವೆ. ಬೀಳ್ಕೊಡುವಾಗ ಗುರುಗಳು ಕೇಳುತ್ತಾರೆ: 'ತಳಮಳ ಕಡಿಮೆಯಾಯಿತೇ? ಒಳ್ಳೆಯ ಲಕ್ಷಣ, ನೀವು ಎರಡನೇ ಹಂತಕ್ಕೆ ಸಿದ್ಧ. ಹೆಚ್ಚಾಯಿತೇ? ಇನ್ನೂ ಒಳ್ಳೆಯ ಲಕ್ಷಣ, ನೀವು ಎರಡನೇ ಹಂತಕ್ಕೆ ಸಿದ್ಧ.'

ಕುಟೀರದ ದರಪಟ್ಟಿಯ ಬಗ್ಗೆ ಋಷಿಗಳು ಏನೂ ಹೇಳಿಲ್ಲ, ನ್ಯಾಯಾಲಯ ಹೇಳಿದೆ. ಪತಂಜಲಿ ಯೋಗಪೀಠ ಟ್ರಸ್ಟ್ ಪ್ರವೇಶ ಶುಲ್ಕ ಪಡೆದು ನಡೆಸಿದ ಯೋಗ ಶಿಬಿರಗಳಿಗೆ ಸೇವಾ ತೆರಿಗೆ ಕಟ್ಟಬೇಕೆಂದು ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ತೀರ್ಪು ಕೊಟ್ಟಿತ್ತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಟ್ರಸ್ಟ್ ಅದನ್ನು ದೇಣಿಗೆ ಎಂದಿತ್ತು. ನ್ಯಾಯಮಂಡಳಿ ಟಿಕೆಟ್‌ಗಳನ್ನು ನೋಡಿತು: ಬೆಲೆ ಬೇರೆಯಾದಂತೆ ಸವಲತ್ತೂ ಬೇರೆ. ಹಾಗಾದರೆ ಇದು 'ಆರೋಗ್ಯ ಮತ್ತು ದೇಹದಾರ್ಢ್ಯ ಸೇವೆ' ಎಂದು ತೀರ್ಮಾನಿಸಿತು. ಸಾವಿರಾರು ವರ್ಷಗಳಿಂದ ಪಂಡಿತರು ಯೋಗವೆಂದರೇನು ಎಂದು ವಾದಿಸುತ್ತ ಬಂದಿದ್ದಾರೆ. ತೆರಿಗೆಯವರು ಟಿಕೆಟ್‌ನ ಹಿಂಬದಿ ನೋಡಿ ಒಂದೇ ಸಾಲಿನಲ್ಲಿ ಮುಗಿಸಿದರು.

ಶಿಬಿರದಿಂದ ಮರಳಿದ ಸಾಧಕರ ಮನೆಗೆ ಒಮ್ಮೆ ಕಿವಿಗೊಡಬೇಕು.

'ರೀ, ಗ್ಯಾಸ್ ಮುಗಿದಿದೆ.'

'ಸಾಕ್ಷೀಭಾವದಿಂದ ನೋಡು.'

'ನೋಡಿದೆ. ಖಾಲಿ ಇದೆ.'

ಸಾಧಕರು ನಕ್ಕು ಕಣ್ಣು ಮುಚ್ಚುತ್ತಾರೆ. ಆಕೆ ಪಕ್ಕದ ಮನೆಯಿಂದ ಸಿಲಿಂಡರ್ ಉರುಳಿಸಿಕೊಂಡು ಬಂದು, ಜೋಡಿಸಿ, ಹುಳಿ ಕುದಿಯಲಿಟ್ಟು ಹೊರಗೆ ಬಂದು, 'ನನಗೂ ಯಾಕೋ ಒಳಗೆ ಒಂಥರಾ ತಳಮಳ ಕಣ್ರೀ' ಎನ್ನುತ್ತಾಳೆ. ಸಾಧಕರು ಈಗ ಕಣ್ಣು ಬಿಡುತ್ತಾರೆ. 'ಅದು ಥೈರಾಯ್ಡ್ ಇರಬೇಕು, ನಾಳೆ ಟೆಸ್ಟ್ ಮಾಡಿಸು.'

ತಳಮಳ ಗಂಡಸಿಗೆ ಬಂದರೆ ಅಧ್ಯಾತ್ಮ, ಹೆಂಗಸಿಗೆ ಬಂದರೆ ಹಾರ್ಮೋನು. ಮನೆಗೆಲಸದಾಕೆಗೆ ಬಂದರೆ 'ಯಾಕೆ ನಿನ್ನೆ ಬರಲಿಲ್ಲ?' ಈ ವರ್ಗೀಕರಣ ನಮ್ಮಲ್ಲಿ ಯಾವ ಶಿಬಿರವೂ ಕಲಿಸದೆ ತಾನಾಗಿಯೇ ಬಂದಿದೆ.

ಹಾಗೆಂದು ತಳಮಳದಿಂದ ಗುರಿ ಕಂಡವರೇ ಇಲ್ಲವೆಂದಲ್ಲ. ಇದ್ದರು. ಅವರ ದಾರಿಗೂ ನಮ್ಮ ದಾರಿಗೂ ಒಂದು ಸಣ್ಣ ವ್ಯತ್ಯಾಸವಿತ್ತು: ಅವರಿಗೆ ಯಾರೂ ಕೆಂಪುಗಂಬಳಿ ಹಾಸಲಿಲ್ಲ. ಬರ್ಮಾದಲ್ಲಿದ್ದ ಉದ್ಯಮಿ ಸತ್ಯನಾರಾಯಣ ಗೋಯೆಂಕಾ ಅವರಿಗೆ ವಿಪರೀತ ಮೈಗ್ರೇನ್. ಮಾರ್ಫಿನ್ ಚುಚ್ಚಿಸಿಕೊಳ್ಳುವ ಮಟ್ಟಿಗೆ ಹೋಗಿ, ದೇಶ ದೇಶಗಳ ವೈದ್ಯರನ್ನು ಸುತ್ತಿ, ಕೊನೆಗೆ 1955ರಲ್ಲಿ ಸಯಾಜಿ ಊ ಬಾ ಖಿನ್ ಅವರ ಮುಂದೆ ನಿಂತರು. ಊ ಬಾ ಖಿನ್ ಕಾವಿ ತೊಟ್ಟವರಲ್ಲ, ಸ್ವತಂತ್ರ ಬರ್ಮಾದ ಅಕೌಂಟೆಂಟ್ ಜನರಲ್ ಆಗಿದ್ದವರು. ಬರೀ ತಲೆನೋವು ವಾಸಿಮಾಡಿಕೊಳ್ಳಲು ಬಂದಿದ್ದರೆ ಇಲ್ಲಿ ಜಾಗವಿಲ್ಲ, ಈ ವಿದ್ಯೆ ಅದಕ್ಕಲ್ಲ ಎಂದು ಅವರು ಹೇಳಿಬಿಟ್ಟರು. ಊರಿನ ದೊಡ್ಡ ಶ್ರೀಮಂತ ಬಾಗಿಲಿಗೆ ಬಂದಾಗ ಬಾಗಿಲು ಹಾಕುವ ಲೆಕ್ಕಾಧಿಕಾರಿ! ಇಂದಿನ ಯಾವ ಶಿಬಿರದ ಆಡಳಿತ ಮಂಡಳಿಯಲ್ಲೂ ಅಂಥವರಿಗೆ ಕೆಲಸ ಸಿಗುವುದಿಲ್ಲ. ಗೋಯೆಂಕಾ ಆಮೇಲೆ ಕಲಿತರು, ಭಾರತಕ್ಕೆ ತಂದು ಕಲಿಸಿದರು. ದಾಸನಪುರದ ಬಳಿಯ ಆಲೂರಿನಲ್ಲಿರುವ ಅವರ ಪರಂಪರೆಯ ಕೇಂದ್ರದಲ್ಲಿ ಹತ್ತು ದಿನಕ್ಕೆ ಇಂದಿಗೂ ಶುಲ್ಕವಿಲ್ಲ, ಮುಗಿಸಿದವರು ಕೊಟ್ಟ ದಾನದಲ್ಲೇ ಮುಂದಿನವರ ಊಟ. ಶುಲ್ಕವಿಲ್ಲ ಎಂಬ ಕಾರಣಕ್ಕೇ ನಮ್ಮ ಕೆಲವು ಸಾಧಕರಿಗೆ ಅದರ ಗುಣಮಟ್ಟದ ಬಗ್ಗೆ ಅನುಮಾನ.

ಇನ್ನೊಬ್ಬರು ರಮಣ ಮಹರ್ಷಿಗಳು. 1896ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಕಾಲೇಜಿನ ಶುಲ್ಕ ಕಟ್ಟಲೆಂದು ಅಣ್ಣ ಕೊಟ್ಟಿದ್ದ 5 ರೂಪಾಯಿಯಲ್ಲಿ 3 ರೂಪಾಯಿ ಮಾತ್ರ ತೆಗೆದುಕೊಂಡು, 2 ರೂಪಾಯಿಯನ್ನು ಚೀಟಿಯ ಜೊತೆ ಇಟ್ಟು ಮದುರೆಯಿಂದ ತಿರುವಣ್ಣಾಮಲೈಗೆ ಹೊರಟರು. ತನ್ನನ್ನು ಹುಡುಕಲು ಹಣ ಖರ್ಚು ಮಾಡಬೇಡಿ ಎಂದು ಆ ಚೀಟಿಯಲ್ಲಿತ್ತು. ಎಲ್ಲವನ್ನೂ ಬಿಟ್ಟು ಹೋಗುವವನು ಚಿಲ್ಲರೆ ಲೆಕ್ಕ ಒಪ್ಪಿಸಿ ಹೋದ. ಈಗ ಎಲ್ಲವನ್ನೂ ಬಿಡಲು ಹೊರಟವರು ಮೊದಲು ಮಾಡುವ ಕೆಲಸ ಲೊಕೇಶನ್ ಸಮೇತ ಫೋಟೊ ಹಾಕುವುದು, ಯಾರೂ ಹುಡುಕಲಿಲ್ಲವೆಂದರೆ ರಾತ್ರಿಯೇ ತೆಗೆದು ಇನ್ನೊಂದು ಹಾಕುವುದು.

ಇಲ್ಲಿಗೆ ಬರುವಷ್ಟರಲ್ಲಿ ಸಾಧಕರು ತಮ್ಮ ಬ್ರಹ್ಮಾಸ್ತ್ರ ತೆಗೆಯುತ್ತಾರೆ: 'ಗೀತೆ ಶುರುವಾಗುವುದೇ ವಿಷಾದದಿಂದ ಅಲ್ಲವೇ? ಮೊದಲ ಅಧ್ಯಾಯದ ಹೆಸರೇ ಅರ್ಜುನ ವಿಷಾದ ಯೋಗ!' ನೂರಕ್ಕೆ ನೂರು ನಿಜ. ಅರ್ಜುನನ ಬಾಯಿ ಒಣಗಿತು, ಮೈ ನಡುಗಿತು, ಗಾಂಡೀವ ಕೈಜಾರಿತು. ಇಂದಾಗಿದ್ದರೆ ಪ್ಯಾನಿಕ್ ಅಟ್ಯಾಕ್ ಎಂದು ಬರೆದುಕೊಡುತ್ತಿದ್ದರು. ಆದರೆ ಎರಡನೇ ಅಧ್ಯಾಯದ ಬಾಗಿಲಲ್ಲೇ ಕೃಷ್ಣ ಏನು ಮಾಡುತ್ತಾನೆ? ಬೈಯುತ್ತಾನೆ. ಹೇಡಿಯಂತಾಡಬೇಡ, ಏಳು ಎನ್ನುತ್ತಾನೆ. 'ಈ ವಿಷಾದವನ್ನು ಹೀಗೇ ಕಾಪಾಡಿಕೋ, ನೀನು ವಿಶೇಷ ಚೇತನ, ಎರಡನೇ ಅಧ್ಯಾಯಕ್ಕೆ ಬೇರೆ ನೋಂದಣಿ ಇದೆ' ಎನ್ನುವುದಿಲ್ಲ. ಇನ್ನೂ ಹದಿನೇಳು ಅಧ್ಯಾಯ ಹೇಳಿ, ಕೊನೆಗೆ ಅರ್ಜುನನನ್ನು ಎದುರಿಗಿದ್ದ ಕೆಲಸಕ್ಕೇ ಎಬ್ಬಿಸಿ ನಿಲ್ಲಿಸುತ್ತಾನೆ. ಆ ಕೆಲಸ ಸರಿಯೋ ತಪ್ಪೋ ಎಂಬ ಜಗಳ ಬೇರೆ, ಅದನ್ನು ನಮ್ಮವರು ಇವತ್ತಿಗೂ ಆಡುತ್ತಿದ್ದಾರೆ. ಅರ್ಜುನ ರಥದಿಂದಿಳಿದು ಕುಟೀರ ಬುಕ್ ಮಾಡಲಿಲ್ಲ ಎಂಬುದರಲ್ಲಿ ಮಾತ್ರ ಯಾವ ಭಾಷ್ಯಕಾರರಿಗೂ ಭಿನ್ನಾಭಿಪ್ರಾಯವಿಲ್ಲ. ನಮ್ಮ ಕಾಲದ ಸಾಧನೆಯೆಂದರೆ ಗೀತೆಗೆ ಮೊದಲ ಅಧ್ಯಾಯದಲ್ಲೇ ಮಂಗಳ ಹಾಡಿದ್ದು. ವಿಷಾದವೇ ಯೋಗವಾದ ಮೇಲೆ ಮುಂದೆ ಓದುವುದು ಯಾಕೆ?

ತಳಮಳಕ್ಕೆ ಬೇರೊಂದು ದಾರಿಯೂ ಇದೆ, ಅದು ಹೊರಗೆ ಹೋಗುವ ದಾರಿ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ತಳಮಳವಾಯಿತು. ಕೆಲಸ ಬಿಟ್ಟರೂ ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ಮುಟ್ಟುವಂತಿಲ್ಲ ಎಂಬ ಹೊಸ ನಿಯಮ ಬಂದಿತ್ತು. ಮಗಳ ಶಾಲೆಗೆ, ಗಂಡನ ಆಪರೇಷನ್ನಿಗೆ, ಅಡವಿಟ್ಟ ಓಲೆಗೆ ಅವರು ನಂಬಿಕೊಂಡಿದ್ದ ದುಡ್ಡೇ ಅದು. ಅವರಲ್ಲಿ ಯಾರೂ ಉಸಿರು ಗಮನಿಸುತ್ತ ಕೂರಲಿಲ್ಲ. ಹೊಲಿಗೆ ಯಂತ್ರ ಬಿಟ್ಟೆದ್ದು ಸಾವಿರಗಟ್ಟಲೆ ಹೆಂಗಸರು ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಕರೆ ಕೊಟ್ಟ ದೊಡ್ಡ ನಾಯಕರಿರಲಿಲ್ಲ. ಕಲ್ಲು, ಬೆಂಕಿ, ಲಾಠಿ, ಅಶ್ರುವಾಯು ಎಲ್ಲವೂ ಆದವು, ಅದನ್ನು ಯಾರೂ ಹೊಗಳಬೇಕಿಲ್ಲ. ಆದರೆ ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಆ ದಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರು ಕಾರಿನ ಗಾಜು ಏರಿಸಿ, 'ಈ ಜನಕ್ಕೆ ಸ್ವಲ್ಪವೂ ಮನಃಶಾಂತಿ ಬೇಡವೇ' ಎಂದು ಬೇಸರಪಟ್ಟಿರಬೇಕು.

ಸಾಧಕರ ಕಾಲಬುಡಕ್ಕೇ ಇಂಥದೊಂದು ಅವಕಾಶ ಬಂದಿತ್ತು. 2024ರ ಜುಲೈನಲ್ಲಿ ಕರ್ನಾಟಕದ ಐಟಿ ನೌಕರರ ದಿನದ ದುಡಿಮೆಯನ್ನು ಓವರ್‌ಟೈಮ್ ಸೇರಿ 14 ಗಂಟೆಯವರೆಗೆ ಒಯ್ಯುವ ಪ್ರಸ್ತಾವದ ಸುದ್ದಿ ಬಂತು. ನೌಕರರ ಸಂಘ ಕೆಐಟಿಯು ಎದ್ದು ವಿರೋಧಿಸಿತು. ಸಂಘದ ಕರಪತ್ರ ಕೈಗೆ ಬಂದಾಗ ಸಾಧಕರು ಅದನ್ನು ನಯವಾಗಿ ಮಡಚಿ ಜೇಬಿಗೆ ಹಾಕಿಕೊಂಡು, 'ಇದೆಲ್ಲ ನೆಗೆಟಿವ್ ಎನರ್ಜಿ' ಎಂದರು. ಅದೇ ವಾರ ಕೂತುಕೊಂಡೇ ನಿದ್ದೆಗೆ ಜಾರುವ ಹೊಸ ತಂತ್ರದ ಕೋರ್ಸಿಗೆ ಸೇರಿದರು. ಕೈಲಾಗದವ ಮೈ ಪರಚಿಕೊಂಡ ಎಂಬ ಗಾದೆ ನಮ್ಮ ಹಿರಿಯರದು. ಪರಚಿಕೊಳ್ಳುವುದಕ್ಕೆ ಪ್ರಮಾಣಪತ್ರ ಕೊಡುವ ಯೋಚನೆ ಮಾತ್ರ ಅವರಿಗೆ ಹೊಳೆದಿರಲಿಲ್ಲ.

ಹನ್ನೆರಡನೇ ಶತಮಾನದ ಕಲ್ಯಾಣಕ್ಕೆ ಬಂದವರೂ ತಳಮಳದ ಜನವೇ. ಅಲ್ಲಿ ದೋಣಿ ನಡೆಸುವವರಿದ್ದರು, ಬಟ್ಟೆ ಒಗೆಯುವವರಿದ್ದರು, ಹಗ್ಗ ಹೊಸೆಯುವವರಿದ್ದರು, ಬೀದಿ ಗುಡಿಸುವವರಿದ್ದರು. ಅನುಭವ ಮಂಟಪಕ್ಕೆ ಬಂದೆನೆಂದು ಯಾರೂ ಕೆಲಸಕ್ಕೆ ರಜೆ ಹಾಕಲಿಲ್ಲ. ಉಡುತಡಿಯಿಂದ ಎಲ್ಲ ಬಿಟ್ಟು ಬಂದ ಅಕ್ಕಮಹಾದೇವಿಗೂ ಅಲ್ಲಿ ಹೂಮಾಲೆಯ ಸ್ವಾಗತ ಸಿಗಲಿಲ್ಲ, ಅಲ್ಲಮನ ಪಾಟೀಸವಾಲು ಸಿಕ್ಕಿತು. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದನಂತೆ. ಹೆಂಡತಿ ಲಕ್ಕಮ್ಮ ಅದನ್ನು ಒಲೆಗೇರಿಸಲಿಲ್ಲ. ಈ ಆಸೆ ನಮಗೆ ಯಾಕೆ ಎಂದು ಕೇಳಿ, ತಂದಲ್ಲಿಗೇ ಸುರಿದು ಬರಲು ಕಳಿಸಿದಳು. ಅವಳಿಗೆ ಯಾರೂ ಥೈರಾಯ್ಡ್ ಟೆಸ್ಟ್ ಬರೆದುಕೊಡಲಿಲ್ಲ, ಗಂಡ ಬಾಯಿ ಮುಚ್ಚಿಕೊಂಡು ಹೋಗಿ ಸುರಿದು ಬಂದ. ಆ ಜನರ ತಳಮಳ ಅವರ ಎದೆಯೊಳಗೇ ಕೂತು ಕೊಳೆಯಲಿಲ್ಲ. ಜಾತಿಯ ಗೋಡೆಗೆ ತಾಗಿತು, ಅರಮನೆಗೆ ತಾಗಿತು, ಕೊನೆಗೆ ಕಲ್ಯಾಣಕ್ಕೇ ಬೆಲೆ ತೆರಬೇಕಾಯಿತು. ಅಂಥ ತಳಮಳವನ್ನು ಅಧ್ಯಾತ್ಮ ಎಂದರೆ ಯಾರೂ ತಕರಾರು ಮಾಡಲಾರರು. ಅದು ಇನ್ನೊಬ್ಬರ ಸುಖಾಸನವನ್ನು ಅಲ್ಲಾಡಿಸಿತು. ನಮ್ಮದು ನಮ್ಮ ಸುಖಾಸನದ ದಿಂಬನ್ನು ಬದಲಾಯಿಸುತ್ತದೆ, ಅಷ್ಟೇ.

ಹಾಗೆಂದು ಶಿಬಿರಗಳನ್ನು ಮುಚ್ಚಬೇಕೆಂದು ಹೇಳುವಷ್ಟು ಅರಸಿಕ ನಾನಲ್ಲ. ಎಷ್ಟೋ ಮನೆಗಳಿಗೆ ಅವುಗಳಿಂದ ಎರಡು ದಿನದ ಬಿಡುವು ಸಿಗುತ್ತಿದೆ. ನೋಂದಣಿ ಅರ್ಜಿಯಲ್ಲಿ ಕೆಲವು ಕಾಲಂ ಸೇರಿಸಿದರೆ ಸಾಕು. ಒಂದು: ತಳಮಳ ಕೆಲಸದ ಹೊರೆಯಿಂದ ಬಂದದ್ದೋ? ಹೌದಾದರೆ ಕುಟೀರವಿಲ್ಲ, ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗುವ ಬಸ್ಸಿನ ನಂಬರು ಕೊಡಲಾಗುವುದು. ಎರಡು: ಎರಡನೇ ಫ್ಲ್ಯಾಟಿನ ಕಂತಿನಿಂದ ಬಂದದ್ದೋ? ಲಕ್ಕಮ್ಮನವರ ವಿಭಾಗದಲ್ಲಿ ವಿಚಾರಿಸಿ. ಮೂರು: ರಾತ್ರಿಗಳು ಕತ್ತಲಾಗಿ, ಬದುಕುವುದೇ ಬೇಡ ಎನಿಸುತ್ತಿದೆಯೋ? ನೇರ ನಿಮ್ಹಾನ್ಸ್‌ಗೆ, ಇದರಲ್ಲಿ ತಮಾಷೆಯಿಲ್ಲ. ನಾಲ್ಕು: ಮೇಲಿನ ಯಾವುದೂ ಅಲ್ಲ, ಉಂಡು ಮಲಗಿದರೂ ಬಿಡದೆ 'ನಾನು ಯಾರು' ಎಂಬ ಪ್ರಶ್ನೆಯೇ ಕಾಡುತ್ತಿದೆಯೋ? ಹಾಗಾದರೆ ದಯವಿಟ್ಟು ಒಳಗೆ ಬನ್ನಿ, ನಿಮಗೆ ಶುಲ್ಕವಿಲ್ಲ, ಅಂಥವರು ಬಹಳ ಬರುವುದಿಲ್ಲ.

ಐದನೆಯದು ಕಡ್ಡಾಯ: ನೀವು ಇಲ್ಲಿ ಕಣ್ಣು ಮುಚ್ಚಿ ಕೂತಿರುವಾಗ ಮನೆಯಲ್ಲಿ ನಿಮ್ಮ ಪಾಲಿನ ಕೆಲಸ ಮಾಡುತ್ತಿರುವವರು ಯಾರು? ಅವರ ಹೆಸರನ್ನು ದೊಡ್ಡ ಅಕ್ಷರದಲ್ಲಿ ತುಂಬಿ. ಕೊನೆಯ ದಿನ ವೇದಿಕೆಯ ಮೇಲೆ ಕೊಡುವ ಪ್ರಮಾಣಪತ್ರವನ್ನು ಅದೇ ಹೆಸರಿಗೆ ಬರೆದು ಕಳಿಸಬೇಕು. ಸಾಧಕರಿಗೆ ಜಿಎಸ್‌ಟಿ ಹಾಕಿದ ರಸೀದಿ ಸಾಕು.